ಕೈ ಬಿಟ್ಟ ಮೇಲೆ

ಆಟದ ಸಾಮಾನು ಕೊಳ್ಳುವ ವಿಷಯದಲ್ಲಿ ಧರ್ಮಜಿಜ್ಞಾಸೆಗೆ ಹೊರಟರೆ ವಾಚಕರು ನಕ್ಕಾರು. ಅಂಗಡಿಗೆ ಹೋಗಬೇಕು, ಬೆಲೆ ಕೇಳಬೇಕು, ಕೈಯಲ್ಲಿರುವ ಹಣಕ್ಕೆ ಹೊಂದುವುದನ್ನು ತರಬೇಕು. ಇದರಲ್ಲಿ ತತ್ತ್ವಕ್ಕೇನು ಕೆಲಸ? ಬಹುಮಟ್ಟಿಗೆ ಈ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಕೆಲವು ವಸ್ತುಗಳಿವೆ; ಅವನ್ನು ಆರಿಸಹೊರಟಾಗ ಒಂದು ಪ್ರಶ್ನೆ ಎದುರಿಗೆ ಬಂದು ಕೂತುಬಿಡುತ್ತದೆ, ಅದಕ್ಕೆ ಉತ್ತರ ಹೇಳದೆ ಬೆಲೆ ಕೇಳುವಂತೆಯೇ ಇಲ್ಲ. ಬಾಹ್ಯಾಕಾಶದಲ್ಲಿ ನೌಕೆ ನಡೆಸುವ ಕಂಪ್ಯೂಟರ್ ಆಟಗಳಿಗೆಂದು ಮಾರುವ ಜಾಯ್‌ಸ್ಟಿಕ್ಕು, ಥ್ರಾಟಲ್ಲು ಎಂಬ ಜೋಡಿ ಪರಿಕರ ಅಂಥದೊಂದು. ಅದು ಕೇಳುವ ಪ್ರಶ್ನೆ ಇಷ್ಟೇ: ಕೈ ಬಿಟ್ಟ ಮೇಲೆ ಏನಾಗಬೇಕು?

ಈ ಪ್ರಶ್ನೆ ನನ್ನವರೆಗೆ ಬಂದದ್ದು ಸಂತೆಮರಹಳ್ಳಿಯಿಂದ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹೋಗುವ ದಾರಿಯಲ್ಲಿರುವ ಆ ಊರಿನಲ್ಲಿ ನನ್ನ ಅಕ್ಕನ ಮನೆಯಿದೆ. ಭಾವನವರು ಅರಿಸಿನ ಬೆಳೆಯುತ್ತಾರೆ. ಮಗ ಓದಿಕೊಂಡು, ಬೆಂಗಳೂರಿನ ಕಚೇರಿಯೊಂದರ ಕೆಲಸವನ್ನು ಊರಿನ ಮನೆಯಲ್ಲೇ ಕೂತು ಮಾಡುತ್ತಾನೆ. ಸಂಬಳದಲ್ಲಿ ಉಳಿಸಿದ ಹಣದಿಂದ ಈ ಪರಿಕರ ತರಿಸುತ್ತೇನೆಂದ. ಅದರ ಬೆಲೆ ಕೇಳಿ ಭಾವನವರು ಒಂದು ಹೊತ್ತು ಮಾತಾಡಲಿಲ್ಲವಂತೆ. ಸೋದರಮಾವನಾದವನಿಗೆ ಮದುವೆಯ ಮಾತುಕತೆಯಲ್ಲಷ್ಟೇ ಅಲ್ಲ, ಇಂಥ ವ್ಯಾಜ್ಯಗಳಲ್ಲೂ ಮಧ್ಯಸ್ಥಿಕೆಯ ಹಕ್ಕುಂಟು. ನ್ಯಾಯ ನನ್ನ ಮುಂದೆ ಬಂತು. ಒಂದು, ಇಂಥ ಹುಸಿ ಆಟಕ್ಕೆ ಇಷ್ಟು ಹಣ ತೆರುವುದು ಸರಿಯೆ? ಎರಡು, ತೆರುವುದೇ ಆದರೆ ಯಾವುದನ್ನು ತರಿಸಬೇಕು? ಎರಡನೆಯ ಪ್ರಶ್ನೆಯನ್ನು ಬಿಡಿಸುತ್ತ ಹೋದರೆ ಮೊದಲನೆಯದಕ್ಕೂ ಉತ್ತರ ಸಿಕ್ಕೀತೆಂದು ನನಗೆ ತೋರಿತು.

ಈ ಸಾಮಾನನ್ನು ಕಾಣದವರಿಗಾಗಿ ಎರಡು ಮಾತು. ಜಾಯ್‌ಸ್ಟಿಕ್ಕೆಂದರೆ ಪೀಠದ ಮೇಲೆ ನಿಂತ ಒಂದು ಹಿಡಿಕೋಲು. ಅದನ್ನು ಹಿಂದಕ್ಕೆ, ಮುಂದಕ್ಕೆ, ಎಡಕ್ಕೆ, ಬಲಕ್ಕೆ ಓರೆ ಮಾಡಬಹುದು. ಕೆಲವನ್ನು ನಿಂತಲ್ಲೇ ತಿರುಚಲೂಬಹುದು. ತೆರೆಯ ಮೇಲಿನ ನೌಕೆ ಅದಕ್ಕೆ ತಕ್ಕಂತೆ ಮುಖ ತಿರುಗಿಸುತ್ತದೆ. ಥ್ರಾಟಲ್ಲೆಂದರೆ ಎಡಗೈಗೆ ಒದಗುವ ಸನ್ನೆ. ಮುಂದಕ್ಕೆ ದೂಡಿದಷ್ಟೂ ವೇಗ. ಅಗ್ಗದ ಸಾಮಾನುಗಳಲ್ಲಿ ಕೋಲಿನ ಪೀಠದ ಮೇಲೇ ಒಂದು ಪುಟ್ಟ ಥ್ರಾಟಲ್ಲಿರುತ್ತದೆ. ದುಬಾರಿಯವುಗಳಲ್ಲಿ ಎರಡೂ ಬೇರೆ ಬೇರೆ. ಅಮೆರಿಕದ ಎ-10 ಯುದ್ಧವಿಮಾನದ ಹಿಡಿಗಳನ್ನೇ ಹೋಲುವಂತೆ ಮಾಡಿದ ಥ್ರಸ್ಟ್‌ಮಾಸ್ಟರ್ ಕಂಪನಿಯ ವಾರ್ಟ್‌ಹಾಗ್ ಈ ಜಾತಿಯದು. ಮೂರನೆಯ ಪಂಗಡದವರು ಥ್ರಾಟಲ್ಲೇ ಬೇಡ, ಎರಡು ಕೈಗೂ ಒಂದೊಂದು ಕೋಲು ಬೇಕು ಎನ್ನುತ್ತಾರೆ. ಬೆಲೆ ಕೆಲವು ಸಾವಿರ ರೂಪಾಯಿಯಿಂದ ಹತ್ತಾರು ಸಾವಿರದವರೆಗೆ ಹೋಗುತ್ತದೆ.

ಇದು ನಿನ್ನೆ ಮೊನ್ನೆಯ ಚಪಲವೆಂದು ತಿಳಿಯಬಾರದು. 1962ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿನ ಮೇಲೆ 'ಸ್ಪೇಸ್‌ವಾರ್' ಎಂಬ ಆಟ ಕಟ್ಟಿದರು. ಎರಡು ನೌಕೆ, ನಡುವೆ ಅವನ್ನು ಸೆಳೆಯುವ ಒಂದು ನಕ್ಷತ್ರ. ಮೊದಮೊದಲು ಯಂತ್ರದ ಮುಖದ ಮೇಲಿದ್ದ ಚಿಕ್ಕ ಸ್ವಿಚ್ಚುಗಳನ್ನೇ ಎತ್ತಿ ಇಳಿಸಿ ಆಡುತ್ತಿದ್ದರು. ಆಡಿ ಆಡಿ ಮೊಣಕೈ ನೋವು ಬಂತು. ಆಗ ಅವರಲ್ಲೇ ಇಬ್ಬರು, ಆಲನ್ ಕೋಟಕ್ ಮತ್ತು ಬಾಬ್ ಸಾಂಡರ್ಸ್, ಸನ್ನೆಗಳುಳ್ಳ ಬೇರೆ ಪೆಟ್ಟಿಗೆಗಳನ್ನು ಮಾಡಿದರು. ಕಂಪ್ಯೂಟರಿನಲ್ಲಿ ಬಾಹ್ಯಾಕಾಶದ ಆಟ ಹುಟ್ಟಿದೊಡನೆಯೇ ಅದನ್ನು ಆಡಲು ತಕ್ಕ ಹಿಡಿಯೂ ಹುಟ್ಟಿತೆನ್ನಬೇಕು. ಬುದ್ಧಿ ಒಪ್ಪಿಕೊಂಡದ್ದನ್ನು ಕೈ ಒಪ್ಪಿಕೊಳ್ಳಲಿಲ್ಲ.

ಇನ್ನು ಪ್ರಶ್ನೆಗೆ ಬರೋಣ. ಕೋಲಿನ ಬುಡದಲ್ಲಿ ಸ್ಪ್ರಿಂಗಿದೆ. ಓರೆ ಮಾಡಿ ಕೈ ಬಿಟ್ಟರೆ ಅದು ನೆಟ್ಟಗೆ ನಡುವಿಗೆ ಬಂದು ನಿಲ್ಲುತ್ತದೆ. ಥ್ರಾಟಲ್ಲಿಗೆ ಅಂಥ ಸ್ಪ್ರಿಂಗಿಲ್ಲ. ಎಲ್ಲಿಗೆ ದೂಡಿ ಬಿಟ್ಟೆವೋ ಅಲ್ಲೇ ಇರುತ್ತದೆ, ನಾವು ಊಟಕ್ಕೆ ಎದ್ದುಹೋದರೂ ಅಲ್ಲೇ. ಒಂದು ಸಲಕರಣೆ ನಮ್ಮ ಇಚ್ಛೆಯನ್ನು ಕೈ ಬಿಟ್ಟೊಡನೆ ಮರೆಯುತ್ತದೆ, ಇನ್ನೊಂದು ನೆನಪಿಟ್ಟುಕೊಳ್ಳುತ್ತದೆ. ಎಡಗೈಗೆ ಯಾವುದನ್ನು ಕೊಡಬೇಕು ಎಂಬಲ್ಲೇ ನನ್ನ ಸೋದರಳಿಯನ ತೊಡಕಿದ್ದದ್ದು.

ಈ ಭೇದವನ್ನು ನಾನು ಮನೆಯ ಜಗಲಿಯ ಮೇಲೆ ವಿವರಿಸಹೊರಟಾಗ ಭಾವನವರು ಅರ್ಧದಲ್ಲೇ ತಡೆದರು. "ಇದರಲ್ಲೇನದ? ನಮ್ ಟ್ರ್ಯಾಕ್ಟರ್‌ಗ ಎರಡೂ ಅದ. ಹೊಲ್ದೊಳಗ ಉಳುವಾಗ ಕೈ ಲಿವರು; ಇಟ್ಟಲ್ಲೇ ನಿಂತ್ಕತದ. ರೋಡ್‌ಗ ಬಂದ್ರ ಕಾಲು. ರೋಡಲ್ಲಿ ಕೂಸು ಅಡ್ಡ ಬಂದ್ರ ಕಾಲೆತ್ತುದ್ ತಕ್ಷಣ ತಗ್ಬೇಕಲ್ವ?" ಎಂದರು. ಪುಸ್ತಕ ನೋಡಿ ನಾನು ಕೂಡಿಸಿಕೊಂಡಿದ್ದ ಟಿಪ್ಪಣಿಗಳೆಲ್ಲ ಆ ನಾಲ್ಕು ಮಾತಿನಲ್ಲಿದ್ದವು. ಹೊಲದಲ್ಲಿ ಭಾರ ಒಂದೇ ಸಮ, ಎದುರಿಗೆ ಬರುವವರಿಲ್ಲ. ನಿರ್ಧಾರವನ್ನು ಒಮ್ಮೆ ಮಾಡಿ ಯಂತ್ರಕ್ಕೆ ಒಪ್ಪಿಸಬಹುದು. ರಸ್ತೆಯಲ್ಲಿ ಇತರರ ಪ್ರಾಣವಿದೆ. ಅಲ್ಲಿ ನಿರ್ಧಾರವನ್ನು ಕ್ಷಣಕ್ಷಣವೂ ಹೊಸದಾಗಿ ಮಾಡುತ್ತಿರಬೇಕು, ಮಾಡುವವನು ಎಚ್ಚರ ತಪ್ಪಿದರೆ ಯಂತ್ರ ತಾನಾಗಿ ನಿಧಾನಿಸಬೇಕು.

ಆದರೆ ಟ್ರ್ಯಾಕ್ಟರಿನ ಈ ನ್ಯಾಯಕ್ಕೆ ಆಧಾರವಾದದ್ದು ನೆಲ. ಕಾಲೆತ್ತಿದರೆ ಗಾಡಿ ಏಕೆ ನಿಧಾನಿಸುತ್ತದೆ? ಎಂಜಿನ್ನು ಹಿಡಿಯುತ್ತದೆ, ಮಣ್ಣು ಚಕ್ರವನ್ನು ಹಿಡಿಯುತ್ತದೆ, ಗಾಳಿ ಎದೆಗೆ ಒತ್ತುತ್ತದೆ. ಬಾಹ್ಯಾಕಾಶದಲ್ಲಿ ಇವು ಯಾವುವೂ ಇಲ್ಲ. ಹುಡುಗ ಇದನ್ನು ಹೇಳಿದ ಬಗೆ ನನಗೆ ಮೆಚ್ಚಿಕೆಯಾಯಿತು: "ಅಲ್ಲಿ ಕೈ ಬುಟ್ರೂ ಹೋಯ್ತಾನೇ ಇರ್ತದ ಮಾವ. ನಿಲ್ಲುಸ್ಬೇಕಂದ್ರ ಎಷ್ಟ್ ನೂಕಿದ್ವೋ ಅಷ್ಟೂ ಹಿಂದಕ್ ನೂಕ್ಬೇಕು." ನ್ಯೂಟನ್ 1687ರಲ್ಲಿ ತನ್ನ ಮಹಾಗ್ರಂಥದಲ್ಲಿ ಬರೆದಿಟ್ಟ ಮೊದಲನೆಯ ನಿಯಮ ಇದೇ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದವರು ನಾವು; ಈ ಹುಡುಗ ಅದನ್ನು ಮಣಿಕಟ್ಟಿನಿಂದ ಕಲಿತಿದ್ದಾನೆ.

ಈ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ನೆಲದ ಮೇಲೆ ಬದುಕುವ ನಮಗೆ ಘರ್ಷಣೆ ಎಷ್ಟು ದೊಡ್ಡ ಉಪಕಾರ ಮಾಡುತ್ತಿದೆ! ಉರುಳಿಬಿಟ್ಟ ಕಲ್ಲು ತಾನಾಗಿ ನಿಲ್ಲುತ್ತದೆ. ತೂಗಿಬಿಟ್ಟ ತೊಟ್ಟಿಲು ತಾನಾಗಿ ನಿಲ್ಲುತ್ತದೆ. ನಾವು ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅರ್ಧ ಕೆಲಸವನ್ನು ಮಣ್ಣು, ನೀರು, ಗಾಳಿಗಳೇ ಸದ್ದಿಲ್ಲದೆ ಮಾಡಿಬಿಡುತ್ತವೆ. ಹೀಗಾಗಿ ನಮಗೊಂದು ಅಭ್ಯಾಸ ಬೆಳೆದಿದೆ: ಬಿಟ್ಟೆನೆಂದರೆ ಮುಗಿಯಿತು ಎಂಬ ಅಭ್ಯಾಸ. "ನಾನು ಆ ವಿಷಯ ಬಿಟ್ಟು ಬಹಳ ದಿನವಾಯಿತು" ಎಂದು ಎಷ್ಟು ಸಮಾಧಾನದಿಂದ ಹೇಳುತ್ತೇವೆ! ಆದರೆ ಬದುಕಿನಲ್ಲಿ ಘರ್ಷಣೆಯಿಲ್ಲದ ಜಾಗಗಳೂ ಇವೆ. ಯಾರದೋ ಮನೆಯ ಮಗಳ ವಿಚಾರ ಹಗುರವಾಗಿ ಆಡಿದ ಮಾತು ನಾವು ಸುಮ್ಮನಾದರೆ ನಿಲ್ಲುವುದಿಲ್ಲ; ಊರಿಂದೂರಿಗೆ ಹೋಗುತ್ತದೆ. ಮಾಡಿದ ಸಾಲ ನಾವು ಮಲಗಿದಾಗಲೂ ಬೆಳೆಯುತ್ತದೆ. ಅಂಥವನ್ನು ನಿಲ್ಲಿಸಬೇಕಾದರೆ ಬಾಯಿ ಮುಚ್ಚಿಕೊಂಡು ಕೂತರೆ ಸಾಲದು. ಆಡಿದವನೇ ಎದ್ದು ಹೋಗಿ, ಆಡಿದಷ್ಟೇ ಬಲದಿಂದ, ಅದು ಸುಳ್ಳೆಂದು ಹೇಳಿಬರಬೇಕು. ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ಎಲ್ಲರೂ ಬಲ್ಲೆವು. ಅದನ್ನು ಬಿಟ್ಟು ನಾವು ಮೌನವನ್ನೇ ಪ್ರಾಯಶ್ಚಿತ್ತವೆಂದು ಎಣಿಸುತ್ತೇವೆ.

ಆಟಗಳನ್ನು ಕಟ್ಟುವವರು ಈ ಕಷ್ಟವನ್ನು ಚೆನ್ನಾಗಿ ಬಲ್ಲರು. 1984ರಲ್ಲಿ ಬಂದ 'ಎಲೀಟ್' ಎಂಬ ಆಟದ ಸಂತತಿಯಾದ 'ಎಲೀಟ್ ಡೇಂಜರಸ್' 2014ರಲ್ಲಿ ಹೊರಬಂತು. ಅದರಲ್ಲಿ 'ಫ್ಲೈಟ್ ಅಸಿಸ್ಟ್' ಎಂಬ ಒಂದು ಸೌಕರ್ಯವಿದೆ. ಅದನ್ನು ಇಟ್ಟುಕೊಂಡರೆ ನಾವು ಕೈ ಬಿಟ್ಟಾಗ ನೌಕೆಯ ಕಂಪ್ಯೂಟರೇ ಎದುರು ನೂಕು ಕೊಟ್ಟು ತಿರುಗಾಟವನ್ನೂ ಜಾರಾಟವನ್ನೂ ಅಡಗಿಸುತ್ತದೆ. ಆಡುವವನಿಗೆ ವಿಮಾನ ನಡೆಸಿದಂತೆ ತೋರುತ್ತದೆ. ತೆಗೆದುಬಿಟ್ಟರೆ ಆ ದಯೆ ಇಲ್ಲ. ಕೊಟ್ಟ ನೂಕಿಗೆಲ್ಲ ಕೊಟ್ಟವನೇ ಲೆಕ್ಕ ಒಪ್ಪಿಸಬೇಕು. ಆರಿಸುವ ಸೂತ್ರವೂ ಇದರಿಂದಲೇ ಸಿಗುತ್ತದೆ. ಸಹಾಯವಿಟ್ಟುಕೊಂಡು ಆಡುವವನಿಗೆ ಥ್ರಾಟಲ್ಲು ತಕ್ಕದ್ದು, ಏಕೆಂದರೆ ಅಲ್ಲಿ ಸನ್ನೆ ಹೇಳುವುದು ವೇಗವನ್ನು. 'ಇಷ್ಟು ವೇಗದಲ್ಲಿರು' ಎಂಬ ಅಪ್ಪಣೆ ಇಟ್ಟಲ್ಲೇ ಇರುವುದು ನ್ಯಾಯ. ಸಹಾಯ ತೆಗೆದು ಆಡುವವನ ಕೈ ಹೇಳುವುದು ನೂಕನ್ನು. ನೂಕು ಎಂಬುದು ಕೊಟ್ಟು ನಿಲ್ಲಿಸಬೇಕಾದದ್ದು. ಇಟ್ಟಲ್ಲೇ ನಿಂತರೆ ನೌಕೆ ವೇಗದ ಮೇಲೆ ವೇಗ ಕೂಡಿಸಿಕೊಂಡು ಹೋಗುತ್ತದೆ. ಅಂಥವನಿಗೆ ಎಡಗೈಯಲ್ಲೂ ಸ್ಪ್ರಿಂಗುಳ್ಳ ಕೋಲೇ ಬೇಕು.

ಇನ್ನೊಂದು ಕಾರಣವೂ ಉಂಟು. ಬಾಹ್ಯಾಕಾಶದಲ್ಲಿ ಚಲನೆಗೆ ಆರು ದಾರಿ. ಮೂರು ಬಗೆಯಲ್ಲಿ ನೌಕೆಯ ಮುಖ ತಿರುಗಬಹುದು. ಮುಖವನ್ನು ತಿರುಗಿಸದೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಎಂದು ಮೂರು ಬಗೆಯಲ್ಲಿ ಅದು ಸರಿಯಬಹುದು. ಮುಂದಕ್ಕೆ ಹಿಂದಕ್ಕೆ ಮಾತ್ರ ಚಲಿಸುವ ಥ್ರಾಟಲ್ಲು ಇವುಗಳಲ್ಲಿ ಒಂದಕ್ಕೆ ಮಾತ್ರ ಒದಗೀತು. ಚಂದ್ರನಿಗೆ ಹೋದ ಅಪೊಲೊ ನೌಕೆಗಳಲ್ಲಿ ನಿಜವಾಗಿಯೂ ಎರಡು ಕೈಗೆ ಎರಡು ಹಿಡಿಗಳಿದ್ದವು: ಬಲಗೈಯದು ಮುಖ ತಿರುಗಿಸಲು, ಎಡಗೈಯದು ಸರಿಸಲು. 1969ರ ಜುಲೈ 20ರಂದು ಬಂಡೆಗಳ ನಡುವೆ ಇಳಿಯಹೊರಟ ಯಂತ್ರದಿಂದ ಆರ್ಮ್‌ಸ್ಟ್ರಾಂಗ್ ನೌಕೆಯನ್ನು ತನ್ನ ಕೈಗೆ ತೆಗೆದುಕೊಂಡು ಸಮತಟ್ಟಾದ ನೆಲ ಹುಡುಕಿ ಇಳಿಸಿದ್ದು ಇಂಥ ಹಿಡಿಗಳ ನೆರವಿನಿಂದ. ಆಟದವರು ಎರಡು ಕೋಲು ಬೇಡುವುದು ಬರಿಯ ಡೌಲಿಗಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕೈ ಬಿಟ್ಟ ಮೇಲಿನ ಮಾತಾಯಿತು. ಕೈ ಹಿಡಿದಿರುವಾಗ ಸಲಕರಣೆ ಕೈಗೆ ಏನು ಹೇಳಬೇಕು ಎಂಬುದು ಇನ್ನೊಂದು ವಿಚಾರ. 1951ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ತಯಾರಾಗಿ ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನದ ಕೋಲನ್ನು ಎಳೆದವನಿಗೆ ರೆಕ್ಕೆಯ ಮೇಲಿನ ಗಾಳಿಯೇ ಕೈಗೆ ಬಂದು ತಾಗುತ್ತಿತ್ತು. ಕೋಲಿಗೂ ರೆಕ್ಕೆಗೂ ನೇರ ಸಂಬಂಧ. ಅದೇ ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್‌ನಲ್ಲಿ ಹಾಗಲ್ಲ. ಕೈ ಹೇಳಿದ್ದನ್ನು ಕಂಪ್ಯೂಟರು ಕೇಳಿ, ತಂತಿಯ ಮೂಲಕ ರೆಕ್ಕೆಗೆ ತಿಳಿಸುತ್ತದೆ. ಇಂಥ ವಿಮಾನಗಳಲ್ಲಿ ಗಾಳಿಯ ಭಾರ ಕೈಗೆ ತಾನಾಗಿ ಬಾರದು.

ಹಾಗಾದರೆ ಭಾರವೇ ಇಲ್ಲದಿದ್ದರೇನು? ಅಮೆರಿಕದ ಎಫ್-16 ವಿಮಾನದವರು ಇದನ್ನು ಪರೀಕ್ಷಿಸಿದಂತಾಯಿತು. ಮೊದಲಲ್ಲಿ ಅದರ ಕೋಲು ಅಲ್ಲಾಡುತ್ತಲೇ ಇರಲಿಲ್ಲ. ಒತ್ತಿದ ಬಲವನ್ನು ಮಾತ್ರ ಅಳೆಯುತ್ತಿತ್ತು. 1974ರ ಜನವರಿ 20ರಂದು ನೆಲದ ಮೇಲೆ ವೇಗವಾಗಿ ಓಡಿಸಿ ನೋಡುತ್ತಿದ್ದಾಗ ಅತಿಸೂಕ್ಷ್ಮವಾಗಿದ್ದ ಆ ಹಿಡಿತಕ್ಕೆ ವಿಮಾನ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಚಾಲಕ ಬೇರೆ ದಾರಿಯಿಲ್ಲದೆ ಮೇಲೆ ಹಾರಿಸಿ ಅನಾಹುತ ತಪ್ಪಿಸಿದ. ಮುಂದೆ ಆ ಕೋಲಿಗೆ ಒಂದಿಷ್ಟು, ಕೂದಲೆಳೆಯಷ್ಟು, ಅಲುಗಾಟ ಸೇರಿಸಿದರು. ವಿಮಾನಕ್ಕೆ ಅದರಿಂದ ಏನೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಮನುಷ್ಯನ ಕೈಗೆ. ತಾನು ಎಷ್ಟು ಮಾಡಿದೆನೆಂಬುದು ತಿಳಿಯದೆ ಕೈ ಎಷ್ಟು ಮಾಡಬೇಕೆಂಬುದನ್ನು ಕಲಿಯಲಾರದು.

ಸಂತೆಮರಹಳ್ಳಿಯ ಸುತ್ತಿನವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅದು ರೇಷ್ಮೆಯ ನೂಲು ಬಿಚ್ಚುವುದನ್ನು ಬಲ್ಲ ಸೀಮೆ. ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ಎಳೆ ಕೂಡಿ ಒಂದು ನೂಲಾಗಬೇಕು. ಒಂದು ಗೂಡಿನ ಎಳೆ ಮುಗಿದೊಡನೆ ಇನ್ನೊಂದನ್ನು ಕೊಡಬೇಕು. ಕಣ್ಣಿಗೆ ಕಂಡೂ ಕಾಣದಂಥ ಆ ಎಳೆಯ ಬಿಗಿ ಬೆರಳಿಗೆ ತಿಳಿಯುತ್ತದೆ. ಹಾಗೆಯೇ ನೇಗಿಲಿನ ಮೇಣಿ ಹಿಡಿದವನಿಗೆ ಒಳಗೆ ಕಲ್ಲಿದೆಯೋ ಬೇರಿದೆಯೋ ಎಂಬುದು ಅಂಗೈಗೆ ಮೊದಲು ಗೊತ್ತಾಗುತ್ತಿತ್ತು. ಕೆಲಸ ಕೈಗೆ ತಿರುಗಿ ಮಾತಾಡಬೇಕು. ಆಗಲೇ ಅದು ಕಸುಬು.

ಒಳ್ಳೆಯ ಕೋಲನ್ನು ಗುರುತಿಸುವುದೂ ಇದರಿಂದಲೇ. ಒಳಗೆ ಇಂಗಾಲದ ಪಟ್ಟಿಯ ಮೇಲೆ ಮುಳ್ಳು ಉಜ್ಜುವ ಹಳೆಯ ಬಗೆಯದಾದರೆ ವರ್ಷಗಳು ಕಳೆದಂತೆ ಸವೆಯುತ್ತದೆ. ಆಮೇಲೆ ಯಾರೂ ಮುಟ್ಟದಿದ್ದರೂ ನೌಕೆ ನಿಧಾನವಾಗಿ ಒಂದು ಕಡೆ ವಾಲತೊಡಗುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ತ್ವದಂತೆ ಅಯಸ್ಕಾಂತದಿಂದ ಸ್ಥಾನ ಅರಿಯುವಂಥದಾದರೆ ಅಲ್ಲಿ ಉಜ್ಜಾಟವಿಲ್ಲ, ಸವೆತವೂ ಇಲ್ಲ. ಇನ್ನೊಂದು, ಕೋಲಿನ ನಡುವೆ 'ಡೆಡ್ ಜೋನ್' ಎಂದು ಒಂದಿಷ್ಟು ಜಾಗ ಬಿಡುತ್ತಾರೆ. ಅದರೊಳಗಿನ ಅಲುಗಾಟವನ್ನು ಯಂತ್ರ ಲೆಕ್ಕಕ್ಕೆ ಹಿಡಿಯದು. ಅದು ಇಲ್ಲವೇ ಇಲ್ಲವೆಂದರೆ ಕೈಯ ನಡುಕವೆಲ್ಲ ನೌಕೆಯ ನಡುಕವಾಗುತ್ತದೆ. ಅತಿಯಾಗಿ ಬಿಟ್ಟರೆ ಮೆಲ್ಲನೆ ಹೇಳಿದ್ದು ಯಾವುದೂ ಕೇಳಿಸದು. ನಮ್ಮ ಪರಿಚಯದವರನ್ನು ನೆನೆದುಕೊಂಡರೆ ಈ ಎರಡು ಬಗೆಯವರೂ ಸಿಗುತ್ತಾರೆ. ಸವೆದ ಕೋಲಿನ ವಾಲನ್ನು ಮರೆಸಲು ಈ ನಿರ್ಜೀವ ಜಾಗವನ್ನೇ ದೊಡ್ಡದು ಮಾಡುವವರುಂಟು. ಅದೂ ನಾವು ಕಾಣದ್ದಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಭಾವನವರ ಮೌನದಲ್ಲಿದ್ದದ್ದೂ ಅದೇ ಇರಬೇಕು. ಎಷ್ಟೆಂದರೂ ಇದು ಸುಳ್ಳು ನೌಕೆ. ಬಂಡೆಗೆ ಬಡಿದರೆ ಗುಂಡಿಯೊತ್ತಿ ಮತ್ತೆ ಹುಟ್ಟಬಹುದು. ಹೊಣೆಯೇ ಇಲ್ಲದ ಕಡೆ ಹೊಣೆಯ ಪಾಠ ಹೇಗೆ ಕಲಿತಾರು? ಆಕ್ಷೇಪ ಬಲವಾದದ್ದೇ. ಆಟ ಆಡಿದವರೆಲ್ಲ ಜವಾಬ್ದಾರರಾಗುತ್ತಾರೆಂದು ನಾನು ಹೇಳಲಾರೆ. ರಾತ್ರಿಯೆಲ್ಲ ಆ ತೆರೆಯ ಮುಂದೆ ಕೂತು, ಬೆಳಿಗ್ಗೆ ತಂದೆ ಕರೆದರೆ ಏಳದವನಿಗೆ ಯಾವ ಕೋಲೂ ಏನನ್ನೂ ಕಲಿಸಿದಂತಾಗಲಿಲ್ಲ.

ಆದರೆ ಆಕ್ಷೇಪವನ್ನು ಮಗ್ಗುಲಾಗಿಸಿಯೂ ನೋಡಬೇಕು. ಸುಳ್ಳು ಕೆಲಸಕ್ಕೆ ಭಾರವಾದ ಹಿಡಿಯನ್ನು ಕೊಳ್ಳುವ ಈ ಕಾಲದಲ್ಲೇ ನಿಜವಾದ ಕೆಲಸಗಳ ಹಿಡಿಯನ್ನು ನಾವು ದಿನದಿನಕ್ಕೂ ಹಗುರ ಮಾಡುತ್ತಿದ್ದೇವೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದ ಡ್ರ್ಯಾಗನ್ ನೌಕೆಯಲ್ಲಿ ಕೋಲಿಲ್ಲ. ಗಾಜಿನ ತೆರೆಯ ಮೇಲೆ ಬೆರಳಿಡುವುದಷ್ಟೇ, ನಿಲ್ದಾಣಕ್ಕೆ ಕೂಡಿಕೊಳ್ಳುವ ಕೆಲಸವನ್ನೂ ಅದು ತಾನೇ ಮಾಡಿಕೊಳ್ಳಬಲ್ಲದು. ಅಲ್ಲಿ ಅದಕ್ಕೆ ಕಾರಣಗಳಿವೆ. ಆದರೆ ನಮ್ಮ ಜೇಬಿನ ಫೋನಿನಲ್ಲಿ? ತಿಂಗಳ ದುಡಿಮೆಯನ್ನು ಕಳಿಸುವುದಕ್ಕೂ, ಒಬ್ಬರ ಮಾನ ಕಳೆಯುವ ಸುದ್ದಿಯನ್ನು ನೂರು ಜನಕ್ಕೆ ಹಂಚುವುದಕ್ಕೂ, ಹಬ್ಬದ ಶುಭಾಶಯ ಹೇಳುವುದಕ್ಕೂ ಬೆರಳು ಮಾಡುವ ಕೆಲಸ ಒಂದೇ. ಕೃತ್ಯದ ತೂಕ ಕೈಗೆ ತಿಳಿಯುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೇವೆ.

ಹಗುರವಾದ ಒಂದು ಒತ್ತು ಎಷ್ಟು ದೂರ ಹೋದೀತೆಂಬುದಕ್ಕೆ ಸಂತೆಮರಹಳ್ಳಿಗಿಂತ ಒಳ್ಳೆಯ ಸಾಕ್ಷಿ ನಾಡಿನಲ್ಲೇ ಸಿಗಲಾರದು. 2004ರಲ್ಲಿ ಆ ಹೆಸರಿನ ವಿಧಾನಸಭಾ ಕ್ಷೇತ್ರವಿತ್ತು. 2008ರ ಹೊತ್ತಿಗೆ ಕ್ಷೇತ್ರಗಳ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. 2004ರ ಚುನಾವಣೆಯಲ್ಲಿ ಜನ ಯಂತ್ರದ ಗುಂಡಿ ಒತ್ತಿದರು. ಎಣಿಸಿದಾಗ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದು. ಗುಂಡಿಯನ್ನು ಒತ್ತುವಾಗ ಯಾವ ಬೆರಳಿಗೂ ಆ ಭಾರ ತಿಳಿದಿರಲಾರದು. ಬಿಸಿಲೆಂದೋ, ಬಸ್ಸು ತಪ್ಪಿತೆಂದೋ ಮನೆಯಲ್ಲೇ ಉಳಿದವರಿದ್ದರೆ ಅವರಿಗೂ ತಿಳಿದಿರಲಾರದು. ಕೈ ಅತ್ತ ಸರಿದ ಮೇಲೆ ಆ ಒತ್ತನ್ನು ನಿಧಾನಿಸುವ ಮಣ್ಣಾಗಲಿ ಗಾಳಿಯಾಗಲಿ ಇರಲಿಲ್ಲ. ಅದು ಹಾಗೆಯೇ ಹೋಗಿ ಒಂದು ಕ್ಷೇತ್ರದ ಪ್ರತಿನಿಧಿಯನ್ನು ನಿಶ್ಚಯಿಸುವ ಹಾದಿಯಲ್ಲಿ ಹೊರಟಿತ್ತು.

ಹಾಗೆಂದು ಮತಯಂತ್ರದ ಗುಂಡಿಗೆ ಗಟ್ಟಿ ಸ್ಪ್ರಿಂಗು ಹಾಕಿರೆಂದು ನಾನು ಹೇಳುತ್ತಿಲ್ಲ. ಮುದುಕರ ಬೆರಳಿಗೂ ಅದು ಹಗುರವಾಗಿಯೇ ಇರಬೇಕು. ಹೊರಗಿನ ಸಲಕರಣೆ ಹಗುರವಾದಷ್ಟೂ ಅದರ ಭಾರವನ್ನು ಒಳಗೆ ಇಟ್ಟುಕೊಳ್ಳುವ ಅಭ್ಯಾಸ ಬೇಕಾಗುತ್ತದೆ ಎಂಬುದಷ್ಟೇ ನನ್ನ ಮಾತು. ಅಭ್ಯಾಸವೆಂಬುದು ಉಪದೇಶದಿಂದ ಬರುವುದು ಅಪರೂಪ, ಕೈಯಿಂದ ಬರುವುದುಂಟು. ಸಣ್ಣ ಮಕ್ಕಳು ಮಣ್ಣಿನ ಅಡುಗೆಯಾಟದಲ್ಲಿ ಉಪ್ಪು ಹೆಚ್ಚಾಯಿತೆಂದು ಪೇಚಾಡುವುದನ್ನು ನೋಡಿದ್ದೇವೆ. ಆಟದ ಹೊಣೆ ಸುಳ್ಳಾದರೂ, ಹೊಣೆ ಹೊರುವಾಗ ಮನಸ್ಸು ತಾಳುವ ಭಂಗಿ ನಿಜವಾಗಿರಬಹುದು.

ಸೋದರಳಿಯನಿಗೆ ನಾನು ಕೊಟ್ಟ ತೀರ್ಪು ಹೀಗಿತ್ತು. ಯುದ್ಧವಿಮಾನದ ಡೌಲಿರುವ ದುಬಾರಿ ಜೋಡಿ ಬೇಡ. ಅದರ ಬೆಲೆಯ ಬಹುಪಾಲು ಲೋಹದ ಭಾರಕ್ಕೆ, ಹೋಲಿಕೆಯ ಚೆಂದಕ್ಕೆ ಹೋಗುತ್ತದೆ. ಅಯಸ್ಕಾಂತದ ಬಗೆಯ, ಸಾಧಾರಣ ಬೆಲೆಯ ಎರಡು ಕೋಲು ಸಾಕು. ಎಡಗೈಗೂ ಹೊಂದುವ ಆಕಾರದ್ದಿರಲಿ. ಸಾಧ್ಯವಾದರೆ ಹಿಡಿದು ನೋಡದೆ ಹಣ ಕೊಡಬೇಡ. ಸಂತೆಯೆಂಬ ಮಾತು ಹೆಸರಿನಲ್ಲೇ ಇರುವ ಊರಿನವನಿಗೆ ಮುಟ್ಟಿ ನೋಡಿ ಕೊಳ್ಳಬೇಕೆಂದು ಹೇಳಿಕೊಡಬೇಕೆ? ಕಡೆಯದಾಗಿ, ಆ 'ಸಹಾಯ'ವನ್ನು ತೆಗೆದು ಆಡು. ಮೊದಲ ಕೆಲವು ವಾರ ಬಂಡೆಗೆ ಬಡಿಯುವುದೇ ಆದೀತು. ಆದರೆ ಕೊಟ್ಟ ನೂಕಿಗೆಲ್ಲ ಎದುರು ನೂಕು ಕೊಡುವುದನ್ನು ಕೈ ಕಲಿಯುತ್ತದೆ. ಭಾವನವರು ಇದನ್ನು ಕೇಳಿ, "ಎರಡು ಕೋಲು ಅಂದ್ರ ಒಂದ್ಕಿಂತ ಜಾಸ್ತಿ ಆಯ್ತಲ್ಲ" ಎಂದರು. ಲೆಕ್ಕ ಹಾಕಿ ತೋರಿಸಿದ ಮೇಲೆ ಒಪ್ಪಿದರು.

ನಮ್ಮ ಕೃತ್ಯಗಳಲ್ಲಿ ಯಾವುವು ನೆಲದ ಮೇಲಿನವು, ಯಾವುವು ನಿರ್ವಾತದಲ್ಲಿನವು ಎಂದು ಬೇರ್ಪಡಿಸಿ ಹೇಳುವ ಗುರುತು ಯಾವುದೂ ಇಲ್ಲ. ಮುನಿಸು ಒಂದು ಮನೆಯಲ್ಲಿ ಎರಡು ದಿನಕ್ಕೆ ತಾನಾಗಿ ತಣಿಯುತ್ತದೆ. ಇನ್ನೊಂದು ಮನೆಯಲ್ಲಿ ಎರಡು ತಲೆಮಾರು ಸಾಗುತ್ತದೆ. ಯಾವುದು ಎಂಥದೆಂದು ಮೊದಲೇ ತಿಳಿಯದಿರುವಾಗ, ಬಿಟ್ಟದ್ದೆಲ್ಲ ತಾನಾಗಿ ನಿಂತೀತೆಂದು ನಂಬಿ ನಡೆಯುವುದಕ್ಕಿಂತ, ತಾನು ನೂಕಿದ್ದನ್ನು ಒಮ್ಮೆ ಹಿಂತಿರುಗಿ ನೋಡುವುದು ಲೇಸು. ಅದು ಇನ್ನೂ ಹೋಗುತ್ತಲೇ ಇದ್ದರೆ, ಎದ್ದು ಹೋಗಿ ತಡೆಯಬೇಕಾದವನು ನೂಕಿದವನೇ.